ನಾದಿನಿ ಟ್ರೆಡಲ್ ಎತ್ತಿದ ದಿನ

ನನ್ನ ನಾದಿನಿಯನ್ನು ನಮ್ಮ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಕ್ರೇನು ಎಂದು. ಹೈಸ್ಕೂಲು ಓದುವಾಗಲೇ ಒಂದು ದಿನ ಬೇಕರಿಯ ಮುಂದೆ ಪಂಕ್ಚರಾಗಿ ನಿಂತ ಸರಕಿನ ಗಾಡಿಯ ಮೂಲೆಯನ್ನು ಎತ್ತಿ ಹಿಡಿದು, ಜಾಕ್ ಇಲ್ಲದೆ ತಲೆ ಕೆರೆದುಕೊಳ್ಳುತ್ತಿದ್ದ ಡ್ರೈವರನಿಗೆ, "ಬೇಗ ಚಕ್ರ ಬಿಚ್ರೀ, ನಂಗೆ ಟ್ಯೂಷನ್‌ಗೆ ಹೊತ್ತಾಯ್ತು" ಎಂದಿದ್ದಳಂತೆ. ನಾನು ಸೊಸೆಯಾಗಿ ಆ ಮನೆಗೆ ಬರುವಷ್ಟರಲ್ಲಿ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ನನಗೂ ಅವಳಿಗೂ ಮೊದಲ ದಿನದಿಂದಲೇ ಸರಿಹೋಯಿತು. ನಾನು ಬಟ್ಟೆ ಹೊಲಿಯುವವಳು. ಅವಳ ಭುಜಕ್ಕೆ ಅಂಗಿ ಕೂರಿಸುವುದೇ ನನಗೊಂದು ಸವಾಲಾಗಿತ್ತು. ಜೋರಾಗಿ ಉಸಿರೆಳೆದರೆ ಸಾಕು, ಹೊಲಿಗೆ ಪಟ್ಟನೆ ಬಿಟ್ಟುಕೊಳ್ಳುತ್ತಿತ್ತು.

ಭಾರ ಎತ್ತುವ ಸ್ಪರ್ಧೆಗಳಲ್ಲಿ ಅವಳು ಮೇಲೇರಿದಂತೆ ನಮ್ಮ ಬೀದಿಯೂ ಅವಳ ಜೊತೆ ಮೇಲೇರಿತು. ಹೊರದೇಶದ ದೊಡ್ಡ ಸ್ಪರ್ಧೆಗೆ ಕಳಿಸಬೇಕಾದಾಗ ಸಂಘದವರು ಭಾರ ಎತ್ತುವ ಬದಲು ಕೈ ಎತ್ತಿಬಿಟ್ಟರು. ಆಗ ಬೇಕರಿಯವರು, ಇಸ್ತ್ರಿ ಅಂಗಡಿಯ ಅಕ್ಕ, ನಮ್ಮವರು ಬಸ್ ಓಡಿಸುವ ಡಿಪೋದ ಜನ, ಹೀಗೆ ಎಲ್ಲರೂ ಸೇರಿ ದುಡ್ಡು ಹಾಕಿದರು. ಪ್ರೆಸ್ಸಿನ ತಾತನ ಹತ್ತಿರ ದುಡ್ಡಿರಲಿಲ್ಲ. ತಾತ ನೆಲಮಾಳಿಗೆಯಲ್ಲಿದ್ದ ತನ್ನ ಹಳೆಯ ಟ್ರೆಡಲ್ ಮಷೀನನ್ನು ಕಾಲಲ್ಲಿ ತುಳಿದು ತುಳಿದು ಅವಳ ಹೆಸರಿನ ಪೋಸ್ಟರುಗಳನ್ನು ಅಚ್ಚು ಹಾಕಿದರು. ಗೋಂದಿನ ಡಬ್ಬಿ ಹಿಡಿದುಕೊಂಡು ತಾವೇ ಹೋಗಿ ಕಂಡ ಕಂಡ ಗೋಡೆಗೆಲ್ಲ ಅಂಟಿಸಿ ಬಂದರು. ಅವಳು ಬೆಳ್ಳಿ ಪದಕ ಗೆದ್ದ ಮಧ್ಯಾಹ್ನ ತಾತ ಬೇಕರಿಯ ಟಿವಿ ಮುಂದೆ ಕುರ್ಚಿ ಹತ್ತಿ ನಿಂತು ಕೂಗಿದ ಕೂಗಿಗೆ ಅವರ ಹಲ್ಲಿನ ಸೆಟ್ಟು ಕಳಚಿ ಬನ್ನಿನ ಟ್ರೇಗೆ ಬಿತ್ತು. ಯಾರೂ ಅಸಹ್ಯ ಪಟ್ಟುಕೊಳ್ಳಲಿಲ್ಲ. ಅಂಥ ಖುಷಿ.

ಆ ಖುಷಿ ಬಾಳಲಿಲ್ಲ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಅವಳು ಸಿಕ್ಕಿಬಿದ್ದಳು. ಕೆಮ್ಮಿನ ಔಷಧಿಯಲ್ಲಿ ಸೇರಿತ್ತು, ನನಗೇನೂ ಗೊತ್ತಿಲ್ಲ ಎಂದು ಹೇಳಿಬಿಡು ಅಂತ ಕೋಚ್ ಹೇಳಿಕೊಟ್ಟಿದ್ದನಂತೆ. ನಾನು ಅಂಗಡಿಯಲ್ಲಿ ಒಂದು ಕೋಟಿನ ತೋಳು ಕತ್ತರಿಸುತ್ತ ಟಿವಿ ನೋಡುತ್ತಿದ್ದೆ. ಅವಳ ಮುಖದ ಮುಂದೆ ಮೈಕುಗಳ ಗೊಂಚಲು.

"ಕೆಮ್ಮಿಗೆ ಔಷಧಿ ಕುಡಿದಿದ್ರಂತೆ, ಹೌದಾ?" ಎಂದು ಒಬ್ಬ ಕೇಳಿದ.

"ಕೆಮ್ಮೇ ಇರಲಿಲ್ಲ" ಎಂದಳು ನಮ್ಮ ಕ್ರೇನು. "ಗೆಲ್ಲೋಕೆ ಅಂತ ಮಾತ್ರೆ ತಗೊಂಡೆ. ಅದೇನು ಅಂತ ನಂಗೆ ಗೊತ್ತಿತ್ತು. ಯಾರೂ ನನ್ನ ಬಾಯಿಗೆ ತುರುಕಲಿಲ್ಲ."

ನನ್ನ ಕತ್ತರಿ ತನ್ನ ಪಾಡಿಗೆ ತಾನು ಓಡಿ, ಆ ಕೋಟು ಕೊನೆಗೆ ಅರ್ಧ ತೋಳಿನದಾಯಿತು.

ಪದಕ ವಾಪಸು ಹೋಯಿತು, ಬಂದ ಬಹುಮಾನಗಳೂ ಹೋದವು, ಮೇಲೆ ನಾಲ್ಕು ವರ್ಷದ ನಿಷೇಧ. ಚೀಲ ಹೊತ್ತು ಮನೆಗೆ ಬಂದ ದಿನ ನಮ್ಮವರು ಬಾಗಿಲು ತೆಗೆದು, ತಂಗಿಯ ಮುಖ ನೋಡಿ, "ಕೈ ತೊಳ್ಕೊ, ಊಟ ಮಾಡು" ಎಂದಷ್ಟೇ ಹೇಳಿದರು. ಊಟಕ್ಕೆ ಕೂತವಳು ತಟ್ಟೆ ನೋಡುತ್ತಲೇ ನನ್ನೊಡನೆ ಮಾತಾಡಿದಳು.

"ಭುಜ ಸಾಯೋ ಹಾಗೆ ನೋಯ್ತಿತ್ತು ಅತ್ತಿಗೆ. ಬರಿಗೈಲಿ ಬಂದ್ರೆ ಇವರ ಮುಖ ಹೇಗೆ ನೋಡ್ಲಿ ಅನ್ನಿಸ್ತು. ಈಗ ನೋಡೋಕೆ ನಂಗೇ ಮುಖ ಇಲ್ಲ."

"ಮುಖ ಇಲ್ದೆ ಅನ್ನ ಹೇಗೆ ತಿಂತಿದೀಯ?" ಎಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

ಮಾರನೆಯ ವಾರವೇ ಅವಳು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಬೀರು, ಫ್ರಿಜ್ಜು, ಮಂಚ, ಏನಿದ್ದರೂ ಸೈ. ಎಲ್ಲರ ದುಡ್ಡನ್ನೂ ಹಿಂದಿರುಗಿಸಬೇಕೆಂದು ಹಟ ಹಿಡಿದಿದ್ದಳು. ಸಂಬಳ ಬಂದ ದಿನ ಒಂದೊಂದು ಬಾಗಿಲು ತಟ್ಟುವಳು. ಬೇಕರಿಯವರು ಬೇಡ ಬೇಡವೆಂದರೂ ಬಿಡದೆ ಗಲ್ಲಾದ ಮೇಲಿಟ್ಟು ಬಂದಳು. ಆ ಮನುಷ್ಯ ಸುಮ್ಮನಿರುವವರಲ್ಲ, "ನೀನು ಮುಟ್ಟಿದ ನೋಟು, ಹಿಟ್ಟಿನ ಪಕ್ಕ ಇಡಬಾರದಮ್ಮ. ಯೀಸ್ಟ್ ಹಾಕದೇನೇ ಬ್ರೆಡ್ಡು ಉಬ್ಬಿಬಿಟ್ಟೀತು" ಎಂದರು. ಅಂಗಡಿಯಲ್ಲಿದ್ದವರೆಲ್ಲ ಅವಳ ಮುಖ ನೋಡಿದರು. ಅವಳೇ ಮೊದಲು ನಕ್ಕಳು. ಇಸ್ತ್ರಿ ಅಂಗಡಿಯ ಅಕ್ಕ ಮಾತ್ರ ನಗಲಿಲ್ಲ. ದುಡ್ಡು ತೆಗೆದುಕೊಂಡು, "ಇದು ಸರಿ ಹೋಯ್ತು. ಅವತ್ತು ಕೂಗಿ ಕೂಗಿ ವಾರಗಟ್ಟಲೆ ಗಂಟಲು ಕಟ್ಟಿತ್ತಲ್ಲ, ಅದನ್ನ ಹೇಗೆ ತೀರಿಸ್ತೀಯ?" ಎಂದು ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಧಪ್ಪೆಂದು ಅಂಗಿಯ ಮೇಲೆ ಇಟ್ಟಳು. ಡಿಪೋದಲ್ಲಿ ಕೆಲವರು ಬೆನ್ನು ತಟ್ಟಿದರು, ಕೆಲವರು ಇವಳನ್ನು ಕಂಡರೆ ಬೇರೆ ಕಡೆ ತಿರುಗುತ್ತಿದ್ದರು. ಇವತ್ತಿಗೂ ತಿರುಗುತ್ತಾರೆ.

ಕೊನೆಗೆ ಉಳಿದದ್ದು ಪ್ರೆಸ್ಸಿನ ತಾತ. ದುಡ್ಡು ಕೊಡದವರಿಗೆ ಏನನ್ನು ಹಿಂದಿರುಗಿಸುವುದು? ಅವಳು ಹೋದಾಗಲೆಲ್ಲ ತಾತ, "ನೀನು ನನಗೇನೂ ಕೊಡಬೇಕಾಗಿಲ್ಲ" ಎಂದು ಷಟರ್ ಎಳೆದುಬಿಡುತ್ತಿದ್ದರು. "ಬಾಯಿ ತುಂಬ ಬೈದಿದ್ರೆ ಎಷ್ಟೋ ವಾಸಿಯಿತ್ತು ಅತ್ತಿಗೆ" ಎನ್ನುತ್ತಿದ್ದಳು.

ಹೀಗಿರುವಾಗ ಅವಳ ರಜೆಯ ದಿನ ಬೆಳಿಗ್ಗೆ ಬೇಕರಿಯವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ನನ್ನ ಅಂಗಡಿಗೆ ಓಡಿಬಂದರು.

"ಕ್ರೇನು ಎಲ್ಲಿ? ತಾತನ ಮಷೀನು ಒಡೀತಿದಾರೆ!"

ವಿಷಯ ಇಷ್ಟು: ಪ್ರೆಸ್ಸಿದ್ದ ಕಟ್ಟಡ ಮಾರಾಟವಾಗಿತ್ತು, ಸಂಜೆಯೊಳಗೆ ಖಾಲಿ ಮಾಡಬೇಕಿತ್ತು. ತಾತ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಮಷೀನನ್ನು ನೆಲಮಾಳಿಗೆಯಿಂದ ಮೇಲೆ ತರಲು ಯಾರೂ ಒಪ್ಪಲಿಲ್ಲವೆಂದು ಗುಜರಿಯವನಿಗೆ ಹೇಳಿಬಿಟ್ಟಿದ್ದರು. ಅವನು ಸಮ್ಮಟಿ ತಂದಿದ್ದ.

ಅಂಗಡಿಯ ಮೂಲೆಯಲ್ಲೇ ಕೂತಿದ್ದ ನನ್ನ ನಾದಿನಿ ತಿನ್ನುತ್ತಿದ್ದ ಬನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದಳು. ಗೋಡೆಯ ಮೊಳೆಗೆ ತೂಗುಹಾಕಿದ್ದ ಸಾಮಾನು ಕಟ್ಟುವ ಪಟ್ಟಿ, ಹಗ್ಗ, ಸ್ಪ್ಯಾನರಿನ ಚೀಲ, ಎಲ್ಲ ಭುಜಕ್ಕೇರಿದವು. ನಾನು ಅಳತೆ ಟೇಪು ಕುತ್ತಿಗೆಯಲ್ಲಿರುವಂತೆಯೇ ಹಿಂದೆ ಓಡಿದೆ.

ರಸ್ತೆಯಿಂದ ನೇರವಾಗಿ ಕೆಳಗಿಳಿಯುವ ಕಲ್ಲಿನ ಮೆಟ್ಟಿಲು. ಕೆಳಗೆ ಮಸಿಯ, ಸೀಮೆಎಣ್ಣೆಯ ವಾಸನೆ. ಅಚ್ಚಿನ ಮೊಳೆಗಳ ಪೆಟ್ಟಿಗೆಗಳು ಆಗಲೇ ರಸ್ತೆಯಂಚಿಗೆ ಬಂದಿದ್ದವು. ಮಷೀನೊಂದೇ ನಡುವೆ ನಿಂತಿತ್ತು, ಕರ್ರಗೆ, ತನ್ನ ದೊಡ್ಡ ಚಕ್ರದ ಸಮೇತ. ತಾತ ಅದಕ್ಕೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು. ಗುಜರಿಯವನು ಅಂಗೈಗೆ ಉಗುಳಿಕೊಂಡು ಸಮ್ಮಟಿ ಎತ್ತಿದ್ದ.

"ನಿಲ್ಸಯ್ಯಾ!" ಎಂದು ಇವಳು ಮೇಲಿನಿಂದಲೇ ಕೂಗಿದಳು. ಬಾಯಿಯ ಬನ್ನು ಉರುಳಿಕೊಂಡು ಅವನ ಕಾಲ ಬಳಿ ಹೋಗಿ ನಿಂತಿತು.

ತಾತ ತಿರುಗಿಯೂ ನೋಡಲಿಲ್ಲ. "ಗುಜರಿಗೆ ಹೋದ್ರೂ ಪರವಾಗಿಲ್ಲ. ಅವಳ ಕೈಲಿ ಮುಟ್ಟಿಸಲ್ಲ."

ನನಗೆ ರೇಗಿಹೋಯಿತು. ಹಿರಿಯರ ಮುಂದೆ ದನಿ ಏರಿಸಿದವಳಲ್ಲ ನಾನು, ಆದರೆ ಅವತ್ತು ಏರಿತು. "ತಾತ, ಸಿಟ್ಟು ಇವಳ ಮೇಲೆ ತಾನೇ? ಇವಳಿಗೆ ಎರಡು ಬಾರಿಸಿ, ಬೇಕಾದ್ರೆ ನಾನೇ ಹಿಡ್ಕೊಂಡು ನಿಂತ್ಕೋತೀನಿ. ಈ ಮಷೀನು ಯಾವ ಮಾತ್ರೆ ನುಂಗಿತ್ತು ಅಂತ ಇದನ್ನ ಒಡಿಸ್ತಿದೀರಿ?"

ಗುಜರಿಯವನು ಸಮ್ಮಟಿ ಇಳಿಸಿದ. "ನಾನು ಟೀ ಕುಡಿದು ಬರ್ತೀನಮ್ಮ. ಅಷ್ಟರಲ್ಲಿ ನಿಮ್ಮನಿಮ್ಮಲ್ಲೇ ಬಗೆಹರಿಸ್ಕೊಳ್ಳಿ. ಬಂದ ಮೇಲೆ ನಂದು ನಾನು ನೋಡ್ಕೋತೀನಿ."

ನಾದಿನಿ ಮಾತಿಗೆ ನಿಲ್ಲಲಿಲ್ಲ. ಸ್ಪ್ಯಾನರ್ ತೆಗೆದು ಚಕ್ರದ ಬೋಲ್ಟಿಗೆ ಹಾಕಿ ತಿರುಗಿಸತೊಡಗಿದಳು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಬೋಲ್ಟು ಅಲ್ಲಾಡಲಿಲ್ಲ. ಇನ್ನಷ್ಟು ಬಲ ಹಾಕಿದಳು. ಕಬ್ಬಿಣ ಕಿರ್ರ್ ಎಂದಿತು. ಸ್ಟೂಲಿನ ಮೇಲಿನ ಬೆನ್ನು ಒಮ್ಮೆ ನಡುಗಿತು. ಮತ್ತೊಂದು ಸಲ ಕಿರ್ರ್ ಎಂದದ್ದೇ ತಾತನಿಗೆ ತಡೆಯಲಾಗಲಿಲ್ಲ.

"ಬಲಕ್ಕೆ ತಿರುಗಿಸೇ ಬಲಕ್ಕೆ! ಆ ಕಡೆ ಬೋಲ್ಟೆಲ್ಲ ಉಲ್ಟಾ ಬಿಚ್ಚೋದು! ಮುರಿದುಹಾಕ್ತೀಯ!"

ಕೊಡಬೇಕಾಗಿಲ್ಲ ಎಂಬುದೊಂದನ್ನು ಬಿಟ್ಟರೆ, ವರ್ಷದ ಮೇಲೆ ಅವರು ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು ಬಲಕ್ಕೆ ತಿರುಗಿಸಿದಳು. ಬೋಲ್ಟು ಬೆಣ್ಣೆಯ ಹಾಗೆ ಬಂತು.

ತಾತ ಎದ್ದು ಅವಳೆದುರು ನಿಂತರು. ಅವರ ತಲೆ ಅವಳ ಭುಜದವರೆಗೂ ಬರುತ್ತಿರಲಿಲ್ಲ. "ಇವತ್ತು ಏನು ತಗೊಂಡು ಬಂದಿದೀಯ?"

"ಟೀ, ಅರ್ಧ ಬನ್ನು" ಎಂದಳು ಅವಳು. "ಇನ್ನರ್ಧ ಅಲ್ಲಿ ಬಿದ್ದಿದೆ."

ತಾತನ ತುಟಿಯ ಮೂಲೆ ಒಂದಿಷ್ಟು ಅಲುಗಿತು. "ಎಣ್ಣೆ ಡಬ್ಬ ಆ ಕಪಾಟಲ್ಲಿದೆ" ಎಂದರು.

ಅಲ್ಲಿಂದ ಶುರುವಾಯಿತು ನೋಡಿ! ಚಕ್ರ ಕಳಚಿತು, ಮಸಿಯ ತಟ್ಟೆ ಕಳಚಿತು, ರೋಲರುಗಳು ಒಂದೊಂದಾಗಿ ನನ್ನ ಕೈಗೆ ಬಂದವು. ಬೇಕರಿಯವರು ಬ್ರೆಡ್ಡಿನ ಹಲಗೆಗಳನ್ನು ತಂದು ಮೆಟ್ಟಿಲ ಮೇಲೆ ಹಾಸಿದರು. ಸುದ್ದಿ ಬೀದಿಯುದ್ದಕ್ಕೂ ಹಬ್ಬಿ, ಮೇಲೆ ತಲೆಗಳು ಕಾಣಿಸತೊಡಗಿದವು. ಇಸ್ತ್ರಿ ಅಂಗಡಿಯ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಸೆರಗು ಬಿಗಿದು ಹಗ್ಗದ ತುದಿ ಹಿಡಿದಳು. ಟೀ ಮುಗಿಸಿ ಬಂದ ಗುಜರಿಯವನು, "ಇದು ಆಗೋ ಕೆಲಸ ಅಲ್ಲ" ಎಂದು ಸಮ್ಮಟಿ ಹಿಡಿದೇ ಮೇಲೆ ಗೋಡೆಗೊರಗಿ ನಿಂತ.

ಮಷೀನಿನ ಒಡಲಿಗೆ ಪಟ್ಟಿ ಸುತ್ತಿದ್ದಾಯಿತು. ಮೇಲೆ ಹಗ್ಗ ಎಳೆಯುವವರು, ಕೆಳಗೆ ಹೆಗಲು ಕೊಟ್ಟು ನೂಕುವವಳು ಇವಳೊಬ್ಬಳೇ. ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಇನ್ನೊಬ್ಬರು ನಿಲ್ಲಲು ಜಾಗವಿಲ್ಲ ಎಂದಳು. ಜಾಗವಿತ್ತು. ಅವಳಿಗೆ ಒಬ್ಬಳೇ ಎತ್ತಿ ರೂಢಿ, ಅಷ್ಟೇ.

"ಒಂದು... ಎರಡು... ಎಳೀರಿ!"

ಕಬ್ಬಿಣ ಮಿಸುಕಿತು! ಮೊದಲ ಮೆಟ್ಟಿಲು ಹತ್ತಿತು. ಮೇಲಿನವರೆಲ್ಲ ಹೋ ಎಂದರು. ಎರಡನೆಯದು. ಹಲಗೆ ನರಳಿತು, ಹಗ್ಗ ಬಿಗಿದು ತಂತಿಯ ಹಾಗೆ ನಾದ ಮಾಡಿತು. ಅರ್ಧ ದಾರಿಗೆ ಬಂದಾಗ ಬೇಕರಿಯವರು, "ಬಂತು ಬಂತು, ಇನ್ನೇನು ಬಂದೇಬಿಡ್ತು" ಎಂದರು. ಆ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಲಗೆ ಪಟಾರನೆ ಸೀಳಿತು.

ಮಷೀನು ಒಂದು ಪಕ್ಕಕ್ಕೆ ವಾಲಿತು. ಹಗ್ಗ ಮೇಲಿನವರ ಕೈಯಲ್ಲಿ ಜಾರಿತು. ನನ್ನ ಬಾಯಿಂದ ಚೀತ್ಕಾರ ಬರುವ ಮೊದಲೇ ಅವಳು ಕೆಳಗೆ ನುಗ್ಗಿ ಆ ವಾಲಿದ ಮೂಲೆಗೆ ಎಡಭುಜ ಕೊಟ್ಟಿದ್ದಳು. ಅದು ನೋವಿನ ಭುಜ. ಇಡೀ ಕಬ್ಬಿಣ ಅವಳ ಮೇಲೆ ನಿಂತಿತು. ನಾನು ಅವಳ ಅಂಗಿಯ ಹೊಲಿಗೆ ಬಿಡುವ ಶಬ್ದ ಕೇಳಿದೆ.

ಸ್ಪರ್ಧೆಯಲ್ಲಾದರೆ ಭಾರವನ್ನು ತಲೆಯ ಮೇಲೆತ್ತಿ ಹಿಡಿದು, ಗಂಟೆಯಾದ ಕೂಡಲೇ ದಡಕ್ಕನೆ ಕೆಳಗೆ ಬಿಟ್ಟುಬಿಡಬಹುದು. ಇಲ್ಲಿ ಗಂಟೆ ಹೊಡೆಯುವವರು ಯಾರೂ ಇರಲಿಲ್ಲ, ಬಿಡುವ ಹಾಗೂ ಇರಲಿಲ್ಲ.

"ಹಗ್ಗ ಬಿಗಿ ಹಿಡೀರೋ!" ಎಂದು ಇಸ್ತ್ರಿ ಅಕ್ಕ ಅರಚಿದಳು. ಹಗ್ಗವನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡು ಹಿಂದಕ್ಕೆ ಬಾಗಿದಳು.

"ಆಸರೆ ಕೊಡಿ, ಏನಾದ್ರೂ ಕೊಡಿ ಕೆಳಗೆ!" ಎಂದು ಅವಳ ಹಿಂದಿನ ಮೆಟ್ಟಿಲಲ್ಲಿದ್ದ ನಾನು ಕೂಗಿದೆ. ಕೈಗೆ ಸಿಕ್ಕಿದ್ದು ಬರೀ ರೋಲರು, ಇಟ್ಟರೆ ಉರುಳುತ್ತಿತ್ತು. ಆಗ ಹಿಂದಿನಿಂದ ಏನೋ ನನ್ನ ಮೊಣಕಾಲಿಗೆ ಬಡಿಯಿತು. ತಾತ ತಾವು ಕೂತಿದ್ದ ಸ್ಟೂಲನ್ನು ಮೆಟ್ಟಿಲ ಮೇಲೆ ತಳ್ಳಿಕೊಂಡು ಬಂದಿದ್ದರು. ಇಬ್ಬರೂ ಸೇರಿ ಅದನ್ನು ಮಷೀನಿನ ಕೆಳಗೆ ತುರುಕಿದೆವು. ತೂಕ ಸ್ವಲ್ಪ ಅದರ ಮೇಲೆ ಕೂತಿತು. ಸ್ಟೂಲಿನ ಕಾಲು ಕಟಕಟ ಎನ್ನುತ್ತಿತ್ತು.

"ಎತ್ತಮ್ಮಾ! ಎತ್ತೇ ಎತ್ತು!" ಎಂದು ತಾತ ಅವಳ ಕಿವಿಯ ಹತ್ತಿರವೇ ಕೂಗಿದರು.

ಅವಳು ಕಣ್ಣು ಮುಚ್ಚಿದಳು. ನೂಕಿದಳು. ಮಷೀನು ಒಂದು ಬೆರಳು ಮೇಲೆ ಹೋಗಿ ಮತ್ತೆ ಇಳಿಯಿತು. ಇನ್ನೊಮ್ಮೆ ನೂಕಿದಳು. ಮತ್ತೆ ಇಳಿಯಿತು.

"ಆಗ್ತಿಲ್ಲ" ಎಂದಳು. ದನಿ ಚಿಕ್ಕದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ನನ್ನೊಬ್ಬಳ ಕೈಲಿ ಆಗ್ತಿಲ್ಲ. ಯಾರಾದ್ರೂ ಇಳಿದು ಬನ್ನಿ."

ನಾನು ಮದುವೆಯಾಗಿ ಬಂದಂದಿನಿಂದ ಅವಳ ಬಾಯಲ್ಲಿ ಕೇಳದ ಮಾತು! ಸ್ಪರ್ಧೆಗೆ ಮುಂಚೆ ಭುಜ ನೋಯುತ್ತಿದ್ದಾಗ ಯಾರ ಹತ್ತಿರವಾದರೂ ಇದೇ ಮಾತು ಹೇಳಿದ್ದರೆ ಎಂದು ಒಂದು ಕ್ಷಣ ನನಗೆ ಅನ್ನಿಸಿತು. ಯೋಚನೆ ಮಾಡುತ್ತ ನಿಲ್ಲಲು ಸಮಯವಿರಲಿಲ್ಲ. ಗೋಡೆಗೊರಗಿದ್ದ ಗುಜರಿಯವನು ಸಮ್ಮಟಿಯನ್ನು ಬಿಸಾಕಿ, "ಸರೀರಿ, ಸರೀರಿ" ಎನ್ನುತ್ತ ನಾಲ್ಕೇ ಹಾರಿಗೆ ಕೆಳಗಿಳಿದು ಅವಳ ಬಲಕ್ಕೆ ಹೆಗಲು ಕೊಟ್ಟ. ನಾನು ಎಡಕ್ಕೆ ಹೋದೆ. ತಾತ ನಮ್ಮ ಮೂವರ ಹಿಂದೆ ನಿಂತು ನನ್ನ ಬೆನ್ನನ್ನೇ ನೂಕತೊಡಗಿದರು, ಅದರಿಂದ ಮಷೀನಿಗೆ ಏನೂ ಉಪಯೋಗವಾಗಲಿಲ್ಲ.

"ಒಂದು..." ಎಂದಳು ನಾದಿನಿ.

"ಎರಡು!" ಎಂದಿತು ಮೇಲಿನ ಬೀದಿ.

ಮಷೀನು ಎದ್ದಿತು! ಸ್ಟೂಲು ಪುಡಿಯಾಗಿ ಕೆಳಗುರುಳಿತು, ಯಾರೂ ತಿರುಗಿ ನೋಡಲಿಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು, ಉಸಿರಿನ ಮೇಲೆ ಉಸಿರು, ಇಸ್ತ್ರಿ ಅಕ್ಕನ ಬೈಗುಳ, ಬೇಕರಿಯವರ "ಹೈ ಹೈ", ಗುಜರಿಯವನ "ನನ್ನ ಸೊಂಟ ಸೊಂಟ", ಎಲ್ಲ ಒಂದಾಗಿ ಕೊನೆಗೆ ಬಿಸಿಲು ನಮ್ಮ ಮುಖಕ್ಕೆ ಹೊಡೆಯಿತು. ಕಬ್ಬಿಣ ರಸ್ತೆಯ ಮೇಲೆ ಧಪ್ಪೆಂದು ಕೂತಿತು. ಆ ಕೂಗು! ಬೇಕರಿಯ ಗಾಜಿನ ಬೀರುವಿನಲ್ಲಿ ಬಾಟಲಿಗಳು ಗಣಗಣ ಎಂದವಂತೆ. ಇಸ್ತ್ರಿ ಅಕ್ಕ ಸೊಂಟದ ಹಗ್ಗ ಬಿಚ್ಚುವುದನ್ನೂ ಮರೆತು ನನ್ನ ನಾದಿನಿಯನ್ನು ಅಪ್ಪಿಕೊಂಡಳು. ಹಗ್ಗಕ್ಕೆ ಸಿಕ್ಕಿ ಗುಜರಿಯವನು ಎಡವಿ ಬಿದ್ದ.

ನಾದಿನಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ತಾತ ಪಕ್ಕದಲ್ಲಿ ಬಂದು ಕೂತರು.

"ಅವತ್ತು ಟಿವಿಯಲ್ಲಿ ನೋಡಿದ್ದನ್ನ ನಾನು ಮರೆತುಬಿಡ್ತೀನಿ" ಎಂದರು ತಾತ. "ನೀನು ಭಾರ ಎತ್ತಿದ್ದನ್ನ ನಾನು ನೋಡಿದ್ದು ಇವತ್ತೇ."

"ಇವತ್ತು ನಾನೊಬ್ಬಳೇ ಎತ್ತಲಿಲ್ಲವಲ್ಲ ತಾತ."

"ಗೊತ್ತು. ನಾನೂ ನೂಕಿದೆ" ಎಂದರು ತಾತ ಬಲು ಗಂಭೀರವಾಗಿ.

ಆಗ ಗುಜರಿಯವನು ಅಂಗಿಯ ಧೂಳು ಕೊಡವಿಕೊಳ್ಳುತ್ತ ಕೇಳಿದ, "ಎಲ್ಲ ಸರಿ. ಇದನ್ನ ಈಗ ಎಲ್ಲಿಡ್ತೀರಿ?"

ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟು ಹೊತ್ತಿನಲ್ಲಿ ಅದನ್ನು ಯೋಚಿಸಿದವರು ಒಬ್ಬರೂ ಇರಲಿಲ್ಲ! ತಾತನ ಮನೆಯಲ್ಲಿ ಮಂಚಕ್ಕೇ ಜಾಗವಿಲ್ಲ. ಬೇಕರಿಯವರು ಮೆಲ್ಲಗೆ ಹಿಂದೆ ಸರಿದರು. ಬೀದಿಯ ಕಣ್ಣೆಲ್ಲ ಒಂದೊಂದು ಅಂಗಡಿಯ ಮೇಲೆ ಹರಿದು ಕೊನೆಗೆ ಬಂದು ನಿಂತದ್ದು ನನ್ನ ಅಂಗಡಿಯ ಮೇಲೆ. ನಾದಿನಿಯೂ ನನ್ನತ್ತ ನೋಡಿದಳು.

"ಅರ್ಧ" ಎಂದೆ. "ಅರ್ಧ ಅಂಗಡಿ ಮಾತ್ರ. ನನ್ನ ಕನ್ನಡಿ ಮುಂದೆ ಯಾರೂ ಬರೋ ಹಾಗಿಲ್ಲ."

ಮಧ್ಯಾಹ್ನ ಪೂರ್ತಿ ಅದನ್ನು ಪೈಪುಗಳ ಮೇಲೆ ಉರುಳಿಸಿ ತಂದದ್ದಾಯಿತು. ಡ್ಯೂಟಿ ಮುಗಿಸಿ ಬಂದ ನಮ್ಮವರು ಬಾಗಿಲಲ್ಲೇ ಸ್ತಬ್ಧರಾಗಿ ನಿಂತು, "ಬೆಳಿಗ್ಗೆ ನಾನು ಹೋಗುವಾಗ ಇದು ಟೈಲರ್ ಅಂಗಡಿ ಆಗಿತ್ತಲ್ವಾ?" ಎಂದರು.

"ನೋಡ್ತಾ ನಿಲ್ಬೇಡ ಅಣ್ಣ, ಆ ಕಡೆ ಹಿಡ್ಕೋ" ಎಂದಳು ತಂಗಿ. ಅವರು ಟಿಫಿನ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಅಂಗಿಯ ತೋಳು ಮಡಚಿದರು.

ಈಗ ಕೆಲಸ ಮುಗಿಸಿ ಬಂದ ಮೇಲೆ ಅವಳೇ ಆ ಟ್ರೆಡಲ್ ತುಳಿಯುತ್ತಾಳೆ. ತೊಡೆಗೆ ಒಳ್ಳೆಯ ಕಸರತ್ತು ಎನ್ನುತ್ತಾಳೆ. ನಿಷೇಧ ಮುಗಿದ ಮೇಲೆ ಮತ್ತೆ ಸ್ಪರ್ಧೆಗೆ ಇಳಿಯುವ ಆಸೆ. "ಮೊದಲಿನಷ್ಟು ಎತ್ತೋಕಾಗಲ್ಲ ಅತ್ತಿಗೆ. ಎಷ್ಟಾಗುತ್ತೋ ಅಷ್ಟು" ಎಂದು ಮೊನ್ನೆ ಹೇಳಿದಾಗ ಅವಳ ಕಣ್ಣು ಹೊಳೆಯುತ್ತಿತ್ತು. ತಾತ ಕಾಗದ ಕೊಡುತ್ತ, "ನಿಧಾನ ಕಣೇ, ಮಸಿ ಹರಡ್ತಿದೆ! ಮದುವೆ ಕಾಗದ ಇದು, ಯಾರನ್ನ ಸೋಲಿಸೋಕೆ ಹೊರಟಿದೀಯ?" ಎಂದು ಗದರುತ್ತಿರುತ್ತಾರೆ. ನಿನ್ನೆ ಹೊಸ ಬಿಳಿ ಶರ್ಟು ಒಯ್ಯಲು ಬಂದ ಗಿರಾಕಿಯೊಬ್ಬರು ಅದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡು, ಚೆನ್ನಾಗಿ ಕೂತಿದೆಯಮ್ಮಾ ಎಂದು ಹೊಗಳಿ ಹೊರಟರು. ಬಾಗಿಲು ದಾಟುವಾಗ ನೋಡುತ್ತೇನೆ, ಬೆನ್ನ ಮೇಲೆ ತಾತನ ಐದು ಬೆರಳೂ ಕಪ್ಪಗೆ, ಸ್ಪಷ್ಟವಾಗಿ ಮೂಡಿವೆ. ಅವರನ್ನು ಕರೆಯುವುದೋ ಬೇಡವೋ ಎಂದು ನಾನು ನಿಂತಿದ್ದರೆ, ಹಿಂದಿನಿಂದ ಮಷೀನಿನ ಸದ್ದನ್ನೂ ಮೀರಿ ನಾದಿನಿಯ ನಗು ಅಂಗಡಿಯೆಲ್ಲ ತುಂಬಿತು.